ಎಡಗೈ ಕಲ್ಲು

ಬೀದಿಯವರೆಲ್ಲ ಅವಳನ್ನು ಟೈಲರಕ್ಕ ಅನ್ನುತ್ತಾರೆ. ಹೊಲಿಗೆ ಯಂತ್ರ ತುಳಿದೂ ತುಳಿದೂ ಮೊಣಕಾಲು ಈಗ ಮಾತು ಕೇಳುವುದಿಲ್ಲ. ಆದರೂ ಹಾಳುಬಿದ್ದ ಕಾಲುವೆಯನ್ನು ಜನರೇ ಸೇರಿ ಸರಿಮಾಡುತ್ತಾರಂತೆ ಎಂದು ಕಿವಿಗೆ ಬಿದ್ದದ್ದೇ ತಡ, ಮೊದಲ ಭಾನುವಾರವೇ ಗಂಡನ ಹಿಂದೆ ಹೊರಟಳು. ಅವಳಿಗೆ ಬೇಕಾಗಿದ್ದು ಒಂದೇ, ಹೂಳಿನಲ್ಲಿ ಮುಚ್ಚಿಹೋದ ಅಮ್ಮನ ಒಗೆಯುವ ಕಲ್ಲು.

ಮನೆಮನೆಗೆ ನಲ್ಲಿ ಬರುವ ಮುಂಚೆ ಹೆಂಗಸರೆಲ್ಲ ಒಗೆಯುತ್ತಿದ್ದದ್ದು ಅಲ್ಲೇ. ಒಬ್ಬೊಬ್ಬರಿಗೆ ಒಂದೊಂದು ಕಲ್ಲು; ಇನ್ನೊಬ್ಬರದ್ದನ್ನು ಮುಟ್ಟಿದರೆ ಜಗಳ. ಅಣ್ಣಂದಿರು ಆಚೆ ದಡದಲ್ಲಿ ಈಜು ಹೊಡೆಯುತ್ತಿದ್ದರು, ಅವರು ಕೊಳೆಮಾಡಿದ ಬಟ್ಟೆ ಈಚೆ ದಡದಲ್ಲಿ ಕಲ್ಲಿಗೆ ಬೀಳುತ್ತಿತ್ತು. ದೊಡ್ಡ ಹೊದಿಕೆ ಹಿಂಡುವಾಗ ಒಂದು ತುದಿ ಅಮ್ಮನಿಗೆ, ಇನ್ನೊಂದು ಇವಳಿಗೆ. ಅಮ್ಮ ಎಡಚಿ. ಬಲಗೈಯ ಇವಳು ತನ್ನ ರೂಢಿಯಂತೆ ತಿರುಚಿದರೆ ಹೊದಿಕೆ ಹಿಂಡಿಕೊಳ್ಳದೆ ಸುಮ್ಮನೆ ಉರುಳುತ್ತಿತ್ತು.

"ಏಯ್ ಪೆದ್ದೀ, ನನ್ನ ಹಾಗೇ ತಿರುಗಿಸೇ!" ಎಂದು ಅಮ್ಮ ನಗುತ್ತಿದ್ದಳು. ಇವಳು ಇಂದಿಗೂ ಬಟ್ಟೆ ಹಿಂಡುವುದು ಎಡಚಿಯ ಹಾಗೆಯೇ. ಅಮ್ಮನ ಕಲ್ಲೂ ಎಡಗಡೆಯೇ ಸವೆದು ಕುಳಿಬಿದ್ದಿತ್ತು.

ಆದರೆ ಕಾಲುವೆಯ ಹತ್ತಿರ ಹೋದರೆ, ಕೆಲಸದ ಮುಂದಾಳು ಮೇಷ್ಟ್ರು, "ಬನ್ನಿ ಅಕ್ಕಾ, ಟೀ ನೀವು ನೋಡ್ಕೊಳ್ಳಿ" ಎಂದು ಒಲೆ ತೋರಿಸಿದರು. ಮನೆಯ ಒಲೆ ಬಿಟ್ಟು ಬಂದರೆ ಇಲ್ಲೊಂದು ಒಲೆ! ವಾರವಾರವೂ ಅದೇ ಆಯಿತು. ಒಂದು ಭಾನುವಾರ ಮೇಷ್ಟ್ರು ಕೂಗಿದರು: "ಹೂಳಲ್ಲಿ ಸಿಕ್ಕ ಕಲ್ಲನ್ನೆಲ್ಲ ಇವತ್ತು ದಡಕ್ಕೆ ಕೂರಿಸಿ ಗಾರೆ ಹಾಕ್ಬಿಡೋಣ!"

ಅಮ್ಮನ ಕಲ್ಲೂ ಅದರಲ್ಲಿರಬಹುದು! ಅವಳು ಒಲೆ ಬಿಟ್ಟು ಎದ್ದಳು. ಅಷ್ಟರಲ್ಲಿ ಬಸ್ ಡ್ರೈವರ್ ಆಗಿದ್ದ ಗಂಡ ಬೆವರು ಒರೆಸಿಕೊಳ್ಳುತ್ತ ಬಂದ.

"ಎಲ್ಲೇ ಟೀ?"

ಅವಳು ಸೌಟನ್ನು ಅವನ ಕೈಗಿತ್ತಳು. "ಒಲೆ ಅಲ್ಲಿದೆ."

"ನಂಗೆ ಬರಲ್ವಲ್ಲೇ!"

"ಅಮ್ಮನ ಹೊಟ್ಟೇಲೇ ಬಸ್ ಓಡಿಸೋದು ಕಲ್ತು ಬಂದ್ರಾ? ಇದನ್ನೂ ಕಲೀರಿ."

ಕೆಸರಿಗಿಳಿದು ಒಂದೊಂದೇ ಕಲ್ಲನ್ನು ಸವರಿದಳು. ಯಾವುದೂ ಅಲ್ಲ. ಆಗಲೇ ಕೂರಿಸಿದ್ದ ಸಾಲಿನತ್ತ ತಿರುಗಿದಳು. ಅಲ್ಲಿ ಕೊನೆಯ ಕಲ್ಲಿನ ಎಡಬದಿಯಲ್ಲಿ ಅಂಗೈ ತಾನಾಗಿಯೇ ಕುಳಿಗಿಳಿಯಿತು.

"ಮೇಷ್ಟ್ರೇ, ಇದನ್ನ ತೆಗೀರಿ. ನಮ್ಮಮ್ಮಂದು."

"ಅಯ್ಯೋ ಅಕ್ಕಾ, ಒಂದು ಕಲ್ಲಿಗೋಸ್ಕರ..."

"ಗಾರೆ ಇನ್ನೂ ಹಸಿ ಇದೆ."

ಮೇಷ್ಟ್ರು ಅವಳ ಮುಖ ನೋಡಿ ಹಾರೆ ತೆಗೆದುಕೊಂಡರು. ಕಲ್ಲು ಕಿತ್ತು ಬಂದಮೇಲೆ ಮೆತ್ತಗೆ ಕೇಳಿದರು: "ದಡದ ಮೇಲೆ ನಿಲ್ಲಿಸಿ ಅಮ್ಮನ ಹೆಸರು ಕೆತ್ತಿಸೋಣ್ವಾ?"

"ಬೇಡ. ನೀರಿನ ಅಂಚಿಗೆ ಮಲಗಿಸಿ, ಸಾಕು."

ಆ ದಿನದ ಟೀ ಪಾನಕದಂತಿತ್ತು. ಎಲ್ಲರೂ ಮುಖ ಹಿಂಡಿಕೊಂಡೇ ಕುಡಿದರು.

ಕಾಲುವೆಗೆ ನೀರು ಬಿಟ್ಟ ಸಂಜೆ ಅವಳು ಆ ಕಲ್ಲಿನ ಮೇಲೆ ಕೂತು ಕಾಲು ಇಳಿಬಿಟ್ಟಳು. ಗಂಡ ಎರಡು ಲೋಟ ಹಿಡಿದು ಬಂದ. ಸಕ್ಕರೆ ಈಗ ಹದಕ್ಕೆ ಬಂದಿತ್ತು.

"ಒಗೆಯೋಕೆ ಏನೂ ತಂದಿಲ್ವೇನೇ?" ಎಂದು ರೇಗಿಸಿದ.

"ಇಲ್ಲ ರೀ. ಅಮ್ಮ ಈ ಕಲ್ಲಿನ ಮೇಲೆ ಒಂದು ದಿನಾನೂ ಕೂತಿರಲಿಲ್ಲ."

ಯಾರಿಗೋ ಜಾಗ ಬಿಡುವಂತೆ ಅವಳು ಬಲಕ್ಕೆ ಸರಿದಳು. ಎಡಗಡೆಯ ಕುಳಿ ಖಾಲಿಯಾಯಿತು. ಗಂಡ ಅಲ್ಲಿ ಕೂರಲು ಬಗ್ಗಿದವನು, ಅವಳನ್ನು ನೋಡಿ, ಪಕ್ಕದ ಮಣ್ಣಿನಲ್ಲೇ ಕುಕ್ಕರುಗಾಲಿನಲ್ಲಿ ಕೂತ.