ಒಂದು ಮೊಳದ ನೆಮ್ಮದಿ

ಇಡಗುಂಜಿಯ ಕಡೆಯಿಂದ ಬೆಳಗಿನ ಪೂಜೆಯ ಗಂಟೆ ತೇಲಿಬರುವ ಹೊತ್ತಿಗೆ ಸುಚಿತಾ ಮೊಗೇರ ಹೊಳೆಯ ಕೆಸರಿನಲ್ಲಿ ಮೊಣಕಾಲವರೆಗೆ ಹುಗಿದು ನಿಂತಿದ್ದಾರೆ. ಕೈಯಲ್ಲಿ ತಮಗಿಂತ ಎತ್ತರದ ಕೋಲು. ಅದರ ತುದಿಯಲ್ಲೊಂದು ಬಿಳಿ ಯಂತ್ರ. ಉಪಗ್ರಹಗಳ ಸಂಕೇತ ಹಿಡಿದು, ಕೋಲಿನಡಿಯ ನೆಲ ಸಮುದ್ರಮಟ್ಟದಿಂದ ಎಷ್ಟು ಎತ್ತರವೆಂದು ಅದು ಹೇಳುತ್ತದೆ. ಕೋಲು ಅಲುಗದಂತೆ ಅವರು ಉಸಿರು ಹಿಡಿಯುತ್ತಾರೆ. ಯಂತ್ರ ಕುಂಯ್ ಎನ್ನುತ್ತದೆ. "ಆತು," ಎಂದು ತಮಗೇ ಹೇಳಿಕೊಂಡು ಕಾಲು ಕೀಳುತ್ತಾರೆ.

ಬೆಳಕೆ ಊರಿನ ಮೀನುಗಾರರ ಮನೆಯ ಮಗಳು ಇವರು. ಸರ್ವೆ ಕೆಲಸ ಕಲಿತು, ನೆರೆಯ ಅಪಾಯ ಅಂದಾಜಿಸುವ ತಂಡವೊಂದರಲ್ಲಿ ದುಡಿಯುತ್ತಿದ್ದಾರೆ. ಘಟ್ಟದಡಿಯ ಹಳ್ಳಗಳಿಂದ ಹೊಳೆ ಕಡಲು ಸೇರುವ ಅಳಿವೆಯವರೆಗೆ ನಡೆದೇ ಅಳೆಯಬೇಕು. ಡ್ರೋನ್ ಮೇಲಿನಿಂದ ಚಿತ್ರ ತೆಗೆಯುತ್ತದೆ ನಿಜ. ತೆಂಗಿನ ಗರಿಗಳಡಿಯ ನೆಲ ಅದಕ್ಕೆ ಕಾಣದು. ದಿನಕ್ಕೆ ಇನ್ನೂರು ಮುನ್ನೂರು ಕಡೆ ಕೋಲೂರುತ್ತಾರೆ. ಹೆದ್ದಾರಿಗೆ ಜಾಗ ಹಿಡಿಯಲು ಬಂದವರೆಂದು ಮಂಕಿ ಊರಿನವರೊಮ್ಮೆ ನಾಯಿ ಛೂ ಬಿಟ್ಟಿದ್ದರಂತೆ. "ಈಗ ಬಿಸ್ಕೀಟು ಇಟ್ಕಂಡೇ ಹೋಗ್ತೆ. ನಾಯಿ ಬೇಗ ನಂಬ್ತದೆ, ಜನ ಸ್ವಲ್ಪ ತಡ," ಎಂದು ನಗುತ್ತಾರೆ.

ಈಚೆಗೆ ಹೊಳೆಯಂಚಿನ ಕೊಪ್ಪವೊಂದರ, ಅಂದರೆ ಪುಟ್ಟ ಕೇರಿಯೊಂದರ, ನಕ್ಷೆ ಬಂದಾಗ ಆ ನಗು ಇರಲಿಲ್ಲ. ಕೊಪ್ಪಕ್ಕೆ ಕೊಪ್ಪವೇ ಕೆಂಪು. ಕೆಂಪೆಂದರೆ ಅಲ್ಲಿ ವಾಸ ಕೂಡದು, ಎಲ್ಲರೂ ಏಳಬೇಕು. ಸುದ್ದಿ ಕಿವಿಗೆ ಬಿದ್ದದ್ದೇ ಅಲ್ಲಿನ ಹಿರಿಯಜ್ಜಿ ಹೊನ್ನಿ ಗೌಡ ಪಾತ್ರೆಗಳನ್ನು ಗೋಣಿಗೆ ತುಂಬತೊಡಗಿದ್ದರು. "ಪಾತ್ರೆ ಹೊರ್ವಾ. ಗದ್ದೆ ಎಂತ ಮಾಡೂದು, ತಲೆ ಮೇಲೆ ಇಟ್ಕಣೂದಾ?" ಎಂದು ಸುಚಿತಾರನ್ನೇ ಕೇಳಿದ್ದರು.

ನಕ್ಷೆಯನ್ನು ಸರಕಾರಕ್ಕೆ ಕಳಿಸುವ ಮುನ್ನ ಇನ್ನೊಂದು ಕಡೆಯಿಂದ ಅಳೆದು ತಾಳೆ ನೋಡುವುದು ಈ ಕೆಲಸದ ಕ್ರಮ. ಎತ್ತರ ಮೊದಲೇ ಗೊತ್ತಿರುವ ಕಲ್ಲೊಂದನ್ನು ಆಧಾರವಾಗಿಟ್ಟುಕೊಂಡೇ ಉಳಿದುದನ್ನೆಲ್ಲ ಅಳೆಯುತ್ತಾರೆ. ಮೊದಲ ಸಲದ್ದು ಕೊಪ್ಪದೊಳಗಿನ ಕಲ್ಲು. ಈ ಸಲ ಸೇತುವೆಯ ಬಳಿಯ ಕಲ್ಲಿನಿಂದ ಅಳೆದರೆ, ಕೊಪ್ಪ ಒಂದು ಮೊಳ ಎತ್ತರ ಬಂತು.

"ಎರಡ್ರಲ್ಲಿ ಒಂದು ಕಲ್ಲು ಸುಳ್ಳು ಹೇಳ್ತಾ ಉಂಟು ಮಾರಾಯ್ತಿ," ಎಂದರು ತಂಡದ ಎಂಜಿನಿಯರ್ ಪ್ರಮೋದ.

ಅವರನ್ನು ಕರೆದುಕೊಂಡು ಸುಚಿತಾ ಕೊಪ್ಪದ ಕಲ್ಲಿನ ಬಳಿ ಹೋದರು. ಕಲ್ಲು ಚೆಂದದ ಕಟ್ಟೆಯ ಮೇಲೆ ದಾಸವಾಳ ಮುಡಿದು ಕೂತಿತ್ತು. "ಕಟ್ಟೆ ನಮ್ಮ ಸರ್ವೆಯವ್ರೇ ಕಟ್ಟಿದ್ದು ಅಂದ್ಕಂಡಿದ್ದೆ. ಅಳೆಯೂಕೆ ಬಂದ ದಿನ ಕೈ ಮುಗ್ದು, ಹೂ ಸರ್ಸಿ, ಅದ್ರ ಮೇಲೇ ಯಂತ್ರ ಇಟ್ಟಿದ್ದೆ," ಎನ್ನುತ್ತಾರೆ. ಈ ಸಲ ಮಾತ್ರ ಹೊನ್ನಿಯವರನ್ನು ಕೇಳಿದರು: "ಅಜ್ಜಿ, ಈ ಕಟ್ಟೆ ಯಾರು ಕಟ್ಟಿದ್ದು?"

"ನಾವೇ. ಕಳೆದ ವರ್ಷ ನಿಮ್ಮವ್ರು ಕಲ್ಲು ನೆಟ್ಟು, ಕಾಯಿ ಒಡ್ದು, ಕುಂಕುಮ ಹಚ್ಚಿ ಹೋದ್ರು. ದೇವ್ರನ್ನ ನೆಲದಲ್ಲೇ ಬಿಡೂಕೆ ಆಗ್ತದಾ ತಂಗಿ? ಎತ್ತಿ ಕೂರ್ಸದ್ರು ಹುಡುಗ್ರು."

ಕಲ್ಲು ಒಂದು ಮೊಳ ಮೇಲೇರಿತ್ತು, ಲೆಕ್ಕದಲ್ಲಿ ಮಾತ್ರ ಅದು ಹಳೆಯ ಎತ್ತರದಲ್ಲೇ ಇತ್ತು. ಆದ್ದರಿಂದ ಕೊಪ್ಪದ ಅಂಗಳಗಳೆಲ್ಲ ನಕ್ಷೆಯಲ್ಲಿ ಒಂದು ಮೊಳ ಕೆಳಗಿಳಿದಿದ್ದವು. ಕಾಯಿ ಒಡೆದವರದೂ ಭಕ್ತಿ, ಎತ್ತಿ ಕೂರಿಸಿದವರದೂ ಭಕ್ತಿ. ಯಾರನ್ನು ಬೈಯುವುದು? ಪ್ರಮೋದ ಅಲ್ಲೇ ಕುಕ್ಕರುಗಾಲಲ್ಲಿ ಕೂತು ನಕ್ಕರಂತೆ.

ಮತ್ತೆ ಅಳೆದಾಗ ಹೆಚ್ಚಿನ ಮನೆಗಳು ಕೆಂಪಿನಿಂದ ಹೊರಬಂದವು. ನೀರಿಗೆ ತೀರ ಹತ್ತಿರವಿರುವ ತಿಮ್ಮ ಗೌಡರ ಮನೆ ಮಾತ್ರ ಕೆಂಪಿನಲ್ಲೇ ಉಳಿಯಿತು. ಅವರು ಮೇಲಿನ ಹಿತ್ತಲಿಗೆ ಸರಿಯಲು ಒಪ್ಪಿದ್ದಾರೆ. ಸುದ್ದಿ ಕೇಳಿದ ಹೊನ್ನಿ ಗೋಣಿಯ ಬಾಯಿ ಬಿಚ್ಚಿ, ಚಾ ಪಾತ್ರೆ ಹುಡುಕಿ ತೆಗೆದರು.

ಇನ್ನೇನು ಆಸೆ ಎಂದು ಕೇಳಿದರೆ ಸುಚಿತಾ ಹೊಳೆಯತ್ತ ನೋಡುತ್ತಾರೆ. "ಆಷಾಢದಲ್ಲಿ ಹೊಳೆ ತುಂಬ್ದಾಗ ಒಂದಿನ ಬಂದು ಅಜ್ಜಿ ಮನೆ ಜಗಲಿ ಮೇಲೆ ಕೂರ್ಬೇಕು. ಇಲ್ಲಿ ನೀರು ಬರೂದಿಲ್ಲ ಅಂದವ್ಳು ನಾನಲ್ವಾ? ಬಂದ್ರೆ ಮೊದ್ಲು ನನ್ನ ಕಾಲೇ ಒದ್ದೆ ಆಗ್ಲಿ."