ಉಪ್ಪಿನ ದೊರೆಗೆ ಮೊದಲ ಸ್ಥಾನ

ವಿಸ್ಕಾನ್ಸಿನ್ನಿನ ಆ ಸಣ್ಣ ಊರಿನಲ್ಲಿ ಯಾರ ಮನೆಯ ನಲ್ಲಿ ಸೋರಿದರೂ ಹಾರ್ಡ್‌ವೇರ್ ಅಂಗಡಿಯ ಆರ್ವಿಲ್ ಟ್ವೈಟ್‌ನನ್ನೇ ಕೇಳುತ್ತಿದ್ದರು. ಯಾವ ವಾಷರ್ ಯಾವ ಡಬ್ಬಿಯಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುವ ಆಸಾಮಿ. ಅರವತ್ತಾರಾದರೂ ಮದುವೆಯ ಗೋಜಿಗೆ ಹೋಗಲಿಲ್ಲ. ಶನಿವಾರ ಮಧ್ಯಾಹ್ನ ಮಾತ್ರ ಅವನು ಯಾರ ಕೈಗೂ ಸಿಗುತ್ತಿರಲಿಲ್ಲ. ಲೈಬ್ರರಿಯ ನೆಲಮಾಳಿಗೆಯಲ್ಲಿ ದಾಳ ಉರುಳಿಸುತ್ತ ಭೂತದ ಗುಹೆ ಹೊಕ್ಕಿರುತ್ತಿದ್ದ.

ಆಟ ನಡೆಸುವವಳು ಮಾರ್ಲಿಸ್ ಕುಬಿಯಾಕ್, ಶಾಲಾ ಬಸ್ ಓಡಿಸಿ ನಿವೃತ್ತಳಾದವಳು. ರಟ್ಟಿನ ಮರೆಯ ಹಿಂದೆ ಅಚ್ಚಾದ ಪುಸ್ತಿಕೆ ಇಟ್ಟುಕೊಂಡು ಅವಳು ಕಥೆ ಹೇಳುತ್ತಾಳೆ. ಉಳಿದವರು ತಮ್ಮ ಪಾತ್ರ ಏನು ಮಾಡುತ್ತದೆ ಎಂದು ಹೇಳಬೇಕು. ಆಡುವವರು ಆ ಪುಸ್ತಿಕೆ ಓದುವ ಹಾಗಿಲ್ಲ. ಓದಿದರೆ ಅದಕ್ಕಿಂತ ನೀಚತನ ಆ ಜನರಲ್ಲಿ ಇನ್ನೊಂದಿಲ್ಲ.

ಪ್ರತಿ ಫೆಬ್ರವರಿಯಲ್ಲಿ ತಾವು ಆಡಿದ ಹಳೆಯ ಸಾಹಸದ ಕಥೆಗಳಲ್ಲಿ ಅತ್ಯುತ್ತಮ ಹತ್ತನ್ನು ಆರಿಸುವುದು ಅವರ ಪದ್ಧತಿ. ಜಗಳ ಜೋರು, ಆದರೆ ಮೊದಲ ಸ್ಥಾನ ಎಂದೂ 'ಉಪ್ಪಿನ ದೊರೆಯ ಗೋರಿ'ಗೇ. ಕಾರಣ ಆರ್ವಿಲ್. ೧೯೮೧ರಲ್ಲಿ ಕೊನೆಯ ಕೋಣೆಯ ಸತ್ತ ದೊರೆ "ನನಗೇನು ತಂದಿದ್ದೀಯ?" ಎಂದು ಕೇಳಿದಾಗ, ಆರ್ವಿಲ್ ಹಿಡಿ ಉಪ್ಪು ಕೊಟ್ಟು ಗೆದ್ದಿದ್ದ. ಗೆಳೆಯ ಜೀನ್ ರುಜಿಚ್ಕಾ ನೀರಿನ ತಿತ್ತಿ ಚಾಚಿದ್ದ; ಆಟದಲ್ಲಿ ಅವನ ಪಾತ್ರವಾಗಿದ್ದ ಕುಳ್ಳ ನಿಂತಲ್ಲೇ ಉಪ್ಪಾಗಿ ಹೋದ. ಅಂದಿನಿಂದ ಜೀನ್ ಯಾವ ಬಾಗಿಲ ಮುಂದೆ ನಿಂತರೂ ಆರ್ವಿಲ್‌ನ ಮುಖ ನೋಡುತ್ತಾನೆ: "ನೀನೇ ಹೇಳಪ್ಪ, ನನ್ನ ಮಂಡೆ ಓಡಲ್ಲ."

ಆರ್ವಿಲ್‌ನ ಮಂಡೆಯೂ ಓಡಿರಲಿಲ್ಲ. ಆ ಆಟದ ಹಿಂದಿನ ವಾರ ಮಿಲ್ವಾಕಿಯ ಅಂಗಡಿಯೊಂದರಲ್ಲಿ ನಿಂತು ಅದೇ ಪುಸ್ತಿಕೆಯ ಕೊನೆಯ ಪುಟ ಓದಿಬಿಟ್ಟಿದ್ದ. ನಲವತ್ತನಾಲ್ಕು ವರ್ಷ ಆ ಹೊಗಳಿಕೆ ಕೇಳಿದಾಗಲೆಲ್ಲ ಅವನಿಗೆ ಕುಳಿತ ಕುರ್ಚಿ ಚುಚ್ಚುತ್ತಿತ್ತು. ಈ ಸಲ ತನ್ನ ಪಟ್ಟಿಯಲ್ಲಿ ಉಪ್ಪಿನ ದೊರೆಯ ಹೆಸರನ್ನೇ ಬರೆಯದೆ ಬಂದ.

ನೆಲಮಾಳಿಗೆಯಲ್ಲಿ ಮಾರ್ಲಿಸ್ ಒಬ್ಬಳೇ ಇದ್ದಳು. ಕಣ್ಣು ಮಂಜಾಗಿದ್ದರಿಂದ ಆಟ ನಡೆಸುವುದನ್ನು ಬಿಡುತ್ತಿದ್ದಳು. "ತಗೋ, ಇದು ನಿಂಗೇ ಸೇರ್ಬೇಕು ಕಣೋ," ಎಂದು ಉಪ್ಪಿನ ದೊರೆಯ ತನ್ನ ಹಳೇ ಪುಸ್ತಿಕೆ ಮುಂದಿಟ್ಟಳು.

"ಬೇಡ ಮಾರ್ಲಿಸ್. ನಾನು ಅದನ್ನ ಮೊದ್ಲೇ ಓದಿದ್ದೆ."

"ಕೊನೇ ಪುಟ ನೋಡು."

ನೋಡಿದ. ಉತ್ತರದ ಜಾಗದಲ್ಲಿ ಅಚ್ಚಾಗಿದ್ದ 'ಉಪ್ಪು' ಎಂಬುದನ್ನು ಪೆನ್ಸಿಲಿನಲ್ಲಿ ಹೊಡೆದು ಹಾಕಿ ಅವಳು 'ನೀರು' ಎಂದು ಬರೆದಿದ್ದಳು. ಗೋರಿಯ ಗೋಡೆಗಳ ಮೇಲೆ ಬತ್ತಿದ ಬಾವಿಗಳ ಚಿತ್ರಗಳಿವೆ ಎಂದು ಅವಳು ಅಂದು ಹೇಳಿದ್ದು ಆರ್ವಿಲ್‌ಗೆ ಈಗ ನೆನಪಾಯಿತು. ಅವನ್ನು ಗಮನಿಸಿದವನು ಜೀನ್ ಒಬ್ಬನೇ.

"ಆಟಕ್ಕೆ ಮುಂಚೇನೇ ಉತ್ತರ ಬದಲಾಯಿಸಿದ್ದೆ. ನೀನು ಉಪ್ಪು ಅಂದ ತಕ್ಷಣ ಓದಿದೀಯ ಅಂತ ಗೊತ್ತಾಯ್ತು," ಎಂದಳು ಮಾರ್ಲಿಸ್. "ನಿಮ್ಮಮ್ಮನ್ನ ಮಣ್ಣು ಮಾಡಿ ಆರು ವಾರ ಆಗಿತ್ತು. ಅವತ್ತೇ ಮೊದ್ಲು ನಿನ್ನ ಮುಖದಲ್ಲಿ ನಗು ಕಂಡಿದ್ದು. ಕಳ್ಳ ಅನ್ನೋಕೆ ಬಾಯಿ ಬರ್ಲಿಲ್ಲ. ಉಪ್ಪೇ ಸರಿ ಅಂತ ಆಟಾನೇ ತಿರುಗಿಸ್ಬಿಟ್ಟೆ."

"ಜೀನ್‌ಗೆ ಗೊತ್ತಾ?"

"ಅವ್ನಿಗೆ ನಾನೂ ಹೇಳಿಲ್ಲ." ಅವಳು ರಟ್ಟಿನ ಮರೆಯನ್ನು ಮಡಚಿಟ್ಟಳು. "ಒಂದು ವರ್ಷ ತಡ ಆಯ್ತು, ಆಮೇಲೆ ಹತ್ತಾಯ್ತು."

ಅಷ್ಟರಲ್ಲಿ ಚೀಸ್ ಉಂಡೆಗಳ ಪೊಟ್ಟಣ ಹಿಡಿದು ಜೀನ್ ಮೆಟ್ಟಿಲಿಳಿದು ಬಂದ. ಬೂಟಿನ ಹಿಮ ಕೊಡವುತ್ತ, "ಏನ್ರಪ್ಪಾ, ಸಾವಿನ ಮನೆ ಥರ ಕೂತಿದೀರಿ! ಈ ಸಲಾನೂ ಆರ್ವಿಲ್‌ದೇ ಮೊದ್ಲು ತಾನೇ?" ಎಂದು ನಕ್ಕ.

ಆರ್ವಿಲ್ ಪುಸ್ತಿಕೆಯನ್ನು ಜೀನ್‌ನ ಕಡೆಗೆ ತಿರುಗಿಸಿದ. "ಅವತ್ತು ನಿನ್ನ ಉತ್ತರಾನೇ ಸರಿ ಇತ್ತು ಕಣೋ. ನಾನು ಕದ್ದು ಓದಿದ್ದೆ."

ಜೀನ್ ಕನ್ನಡಕ ಹಾಕಿಕೊಂಡ. ಆ ಪೆನ್ಸಿಲ್ ಗೆರೆಯನ್ನು ಎಷ್ಟೋ ಹೊತ್ತು ನೋಡಿದ. ಬೈಯಲಿಲ್ಲ. ಬೈದಿದ್ದರೆ ಆರ್ವಿಲ್‌ನ ಎದೆ ಹಗುರವಾಗುತ್ತಿತ್ತು.

"ಹಂಗಾದ್ರೆ," ಎಂದ ಜೀನ್ ಮೆಲ್ಲಗೆ, "ನನ್ನ ಕುಳ್ಳ ಸಾಯ್ಬೇಕಾಗಿರ್ಲಿಲ್ಲ, ಅಲ್ವಾ?"