ಕಟ್ಟದೆ ಬಿಟ್ಟ ಮೂರನೆಯ ಖೋಲಿ

ಆ ಮನೆಗೆ ಸೊಸೆಯಾಗಿ ಹೋದ ನಾಲ್ಕನೆಯ ದಿನ ನಾನು ಮೊದಲ ಹೊಡೆತ ನೋಡಿದೆ. ಹಳಿಯಾಳದ ಮನೆ. ಗಂಡನ ಅಣ್ಣ, ಅಂದರೆ ನನ್ನ ಭಾವ, ಊಟಕ್ಕೆ ಕೂತವನು ರೊಟ್ಟಿ ಆರಿದೆ ಎಂದು ಹಿತ್ತಾಳೆಯ ತಾಟು ಎತ್ತಿ ಹೆಂಡತಿಯ ಹಣೆಗೆ ಬೀಸಿದ. ಅವಳು ಸೆರಗಿನಿಂದ ರಕ್ತ ಒತ್ತಿಕೊಂಡು ಮತ್ತೆ ಒಲೆಯ ಮುಂದೆ ಕೂತು ರೊಟ್ಟಿ ಬಡಿದಳು. ನನ್ನ ತವರಿನಲ್ಲೂ ಜಗಳ ನೋಡಿದ್ದೆ, ಆದರೆ ಹೊಡೆದವನು ಅದೇ ಕೈಯಿಂದ ಅಷ್ಟು ರುಚಿಯಾಗಿ ಉಣ್ಣುವುದನ್ನು ನೋಡಿರಲಿಲ್ಲ.

ಅವಳನ್ನು ನಾನು ಅಕ್ಕ ಎನ್ನುತ್ತಿದ್ದೆ. ನನ್ನ ಗಂಡ ದಾಂಡೇಲಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ, ಶನಿವಾರ ಬಂದು ಸೋಮವಾರ ನಸುಕಿನ ಬಸ್ಸಿಗೆ ಹೋಗುತ್ತಿದ್ದ. ಉಳಿದ ದಿನ ನಾನು, ಅಕ್ಕ, ಆ ರಾಕ್ಷಸ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಒಮ್ಮೆ ನಡುವೆ ಹೋಗಿದ್ದಕ್ಕೆ ನನ್ನ ಕೂದಲಿಗೂ ಕೈ ಹಾಕಿದ. ಅಂದೇ ನಿರ್ಧರಿಸಿದೆ: ನಮ್ಮದೇ ಒಂದು ಮನೆ ಕಟ್ಟಬೇಕು.

ತವರಿನವರು ಕೈಗೆ ಹಾಕಿದ್ದ ಬಂಗಾರದ ಬಿಲ್ವಾರ ಮಾರಿ ಊರ ಹೊರಗೆ ಜಾಗ ತೆಗೆದುಕೊಂಡೆವು. ನೆಲದ ಮೇಲೆ ಸುಣ್ಣದಿಂದ ಮೂರು ಖೋಲಿ ಗೆರೆ ಎಳೆಸಿದೆ. ಅಡುಗೆಗೆ ಒಂದು, ನಮಗೆ ಒಂದು, ಹಿಂದುಗಡೆ ಬೇರೆ ಬಾಗಿಲಿನ ಇನ್ನೊಂದು. ಆ ಬೇರೆ ಬಾಗಿಲು ಮುಖ್ಯವಾಗಿತ್ತು. ಭಾವ ಆಗಲೇ ಅಕ್ಕನ ಹೆಸರಿಗೆ ನನ್ನ ಗಂಡನ ಹೆಸರು ಸೇರಿಸಿ ಹೊಲಸು ಮಾತಾಡುತ್ತಿದ್ದ. ಮೈದುನನ ಸೂರಿನಡಿ ಮಲಗಿದಳು ಎಂದು ಊರು ಆಡಿಕೊಳ್ಳಲು ಅಷ್ಟು ಸಾಕಿತ್ತು. ಬಾವಿಕಟ್ಟೆಯ ಮೇಲೆ ನಾನು ಅಕ್ಕನ ಕಿವಿಯಲ್ಲಿ ಹೇಳಿದೆ.

"ಹಿಂದಿನ ಖೋಲಿ ನಿಂದು. ಅಗಳಿ ಒಳಗಿಂದ ಹಾಕ್ಕೊಳ್ಳಾಕ ಬರೂಹಂಗ ಮಾಡಸ್ತೇನಿ."

"ಖರೇನ ತಂಗಿ?" ಎಂದಳು. ಕೊಡ ತುಂಬಿ ಹರಿಯುತ್ತಿದ್ದರೂ ನೋಡದೆ ನೀರು ಸೇದುತ್ತಲೇ ಇದ್ದಳು.

ತಪ್ಪು ಮಾಡಿದವಳು ನಾನು. ನಮ್ಮ ಕಡೆ ಬಾಗಿಲ ಚೌಕಟ್ಟು ನಿಲ್ಲಿಸುವುದೆಂದರೆ ಸಣ್ಣ ಮದುವೆ. ಅಯ್ಯನವರು ಬಂದು ವಿಭೂತಿ ಹಚ್ಚಿ, ಮೇಲೆ ನವಧಾನ್ಯದ ಗಂಟು ಕಟ್ಟಿ, ಬಂದವರಿಗೆಲ್ಲ ಹೋಳಿಗೆ ಬಡಿಸಬೇಕು. ಒಮ್ಮೆ ಬಾಗಿಲು ನಿಂತಿತೆಂದರೆ ಕೆಲಸ ಬಿಡುವಂತಿಲ್ಲ. ಗೋಡೆಯಿಲ್ಲದೆ ಬಾಗಿಲು ನಿಂತರೆ ಆ ವಂಶಕ್ಕೆ ಕೇಡು ಎನ್ನುತ್ತಿದ್ದರು. ಬುದ್ಧಿ ಇದ್ದವರು ಇಟ್ಟಂಗಿ ಬಂದು ಬಿದ್ದ ಮೇಲೆ ಬಾಗಿಲು ನಿಲ್ಲಿಸುತ್ತಾರೆ. ಮುಂದೆ ನಾಲ್ಕು ತಿಂಗಳು ಮುಹೂರ್ತವಿಲ್ಲ ಎಂದು ಅಯ್ಯನವರು ಹೇಳಿದ್ದೇ ತಡ, ಬರೀ ಬಾಯಿಮಾತಿನ ಮೇಲೆ ನಾನು ನಿಲ್ಲಿಸಿಬಿಟ್ಟೆ. ಇಟ್ಟಂಗಿ, ಹಂಚು, ಸಾಲ ಮೂರನ್ನೂ ಕೊಡುತ್ತೇನೆಂದಿದ್ದ ಭಟ್ಟಿಯ ಸಾವಕಾರನೂ ಬಂದು ನಾಲ್ಕು ಹೋಳಿಗೆ ತಿಂದು ಹೋದ.

ಹದಿನೈದು ದಿನಕ್ಕೆ ಅವನ ದನಿ ಬದಲಾಯಿತು. ದಾಂಡೇಲಿಯಲ್ಲಿ ಕೆಲಸಗಾರರ ಮನೆಗಳು ಸಾಲುಸಾಲಾಗಿ ಏಳುತ್ತಿದ್ದವು. ಭಟ್ಟಿಯಿಂದ ಇಟ್ಟಂಗಿ ಬಿಸಿ ಆರುವ ಮೊದಲೇ ಲಾರಿಗೆ ಏರುತ್ತಿತ್ತು, ಗೋಡೆ ಕಟ್ಟುವ ಗವಂಡಿಗಳೆಲ್ಲ ಹೆಚ್ಚಿನ ಕೂಲಿಗೆ ಅತ್ತ ನಡೆದಿದ್ದರು. ಇಟ್ಟಂಗಿಯ ದರ ಒಂದಕ್ಕೆ ಒಂದೂವರೆಯಾಯಿತು. ಅದನ್ನಾದರೂ ತಾಳಬಹುದಿತ್ತು. ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಎಂದಿದ್ದ ಬಡ್ಡಿಯನ್ನೂ ಅವನು ಎರಡಕ್ಕೆ ಏರಿಸಿದ.

"ಮಾತ ಕೊಟ್ಟಿದ್ರೆಲ್ಲರೀ ಸಾವಕಾರ್ರ," ಎಂದ ನನ್ನ ಗಂಡ.

"ಬ್ಯಾಡಾದ್ರ ಬಿಡು ತಮ್ಮಾ. ಆದ್ರ ಬಾಗಲಾ ನಿಂದ್ರಿಸೀರಿ, ಹೆಂಗ ಬಿಡ್ತೀರಿ?" ಎಂದು ಅವನು ನಕ್ಕ.

ಜೋರು ಮಾತನ್ನೂ ಆಡದ ನನ್ನ ಗಂಡ ಅವನ ಅಂಗಿ ಹಿಡಿದು ಕಪಾಳಕ್ಕೆ ಬಿಗಿದ. ಭಟ್ಟಿಯ ಆಳುಗಳು ಕೆಡವಿಕೊಂಡು ತುಳಿದರು, ಒಬ್ಬ ಇಟ್ಟಂಗಿಯಿಂದ ಬಾಯಿಗೆ ಗುದ್ದಿದ. ಎರಡು ಹಲ್ಲು ಅಲ್ಲೇ ಬಿದ್ದವು. ಮರುದಿನ ನಾನೇ ಹೋಗಿ ಕೈ ಮುಗಿದೆ. ಕಪಾಳಕ್ಕೆ ಬಿದ್ದದ್ದನ್ನೂ ಲೆಕ್ಕಕ್ಕೆ ಹಿಡಿದು ಸಾವಕಾರ ಬಡ್ಡಿ ಎರಡೂವರೆ ಮಾಡಿದ. ಬೇರೆ ಯಾರೂ ನಮಗೆ ಕೊಡುವವರಿರಲಿಲ್ಲ.

ನಾನು ಗಂಡನಿಗೆ ಹೇಳಿದೆ, "ರೀ, ಬಾಗಲಾ ಕಿತ್ತ ಇಡೂಣು. ಒಂದ ವರ್ಷ ಬಿಟ್ಟ ಕಟ್ಟೂಣು. ಬಾಗಲಾ ನಿಂತದ್ದಕ್ಕ ನಮ್ಮ ಕುತ್ತಿಗಿ ಹಿಡದಾನ ಅಂವ."

ಅವನು ಎರಡೂ ಕಿವಿ ಮುಚ್ಚಿಕೊಂಡ. ನಾನು ಕೊಡಲಿ ತೆಗೆದುಕೊಂಡು ಜಾಗಕ್ಕೆ ನಡೆದೆ. ಮೊದಲ ಏಟಿಗೆ ನವಧಾನ್ಯದ ಗಂಟು ಹರಿದು ತಲೆಯ ಮೇಲೆ ಕಾಳು ಸುರಿಯಿತು. ಎರಡನೆಯ ಏಟು ಸಾಗವಾನಿ ಚೌಕಟ್ಟಿನಲ್ಲಿ ಸಿಕ್ಕಿಕೊಂಡಿತು. ಕೊಡಲಿ ಎಳೆಯುತ್ತಿದ್ದಾಗ ಗಂಡ ಓಡಿಬಂದು ನನ್ನ ಬೆನ್ನಿಗೆ ಗುದ್ದಿದ, ನಾನು ತಿರುಗುವಷ್ಟರಲ್ಲಿ ಮುಖಕ್ಕೆ ಹೊಡೆದ. ಅಲ್ಲಿಯವರೆಗೆ ಅವನು ನನ್ನನ್ನು ಮುಟ್ಟಿರಲಿಲ್ಲ. ಹೊಡೆದ ಮೇಲೆ ತನ್ನ ಕೈ ನೋಡಿಕೊಳ್ಳುತ್ತ ಮಣ್ಣಿನಲ್ಲಿ ಕೂತು ಹೋ ಎಂದು ಅತ್ತ. ಅವನ ಮೇಲೆ ನನಗೆ ಕನಿಕರ ಬರಲಿಲ್ಲ, ಅಸಹ್ಯವಾಯಿತು.

ಅತ್ತು ಮುಗಿದ ಮೇಲೆ ಕೇಳಿದ, "ಹಿಂದಿನ ಖೋಲಿ ಬಿಟ್ಟರ ಈ ಬಡ್ಡಿ ಕಟ್ಟಬಹುದು. ಏನಂತಿ?"

ಊದಿದ ತುಟಿಯಲ್ಲೇ ಹೂಂ ಎಂದೆ. ಆ ಹಾಳು ಮನೆಯಿಂದ ನಾನಾದರೂ ಹೊರಗೆ ಬಿದ್ದರೆ ಸಾಕಾಗಿತ್ತು. ಅಕ್ಕನನ್ನು ಕೇಳುವ ಧೈರ್ಯ ಮಾಡಲಿಲ್ಲ. ಆ ಬಡ್ಡಿಗೇ ಸಾಲ ತಂದ ಇಟ್ಟಂಗಿಯಲ್ಲಿ ಎರಡು ಖೋಲಿ ಎದ್ದವು. ಮನೆ ತುಂಬುವ ದಿನ ಅಕ್ಕ ಹಾಲು ಉಕ್ಕಿಸಿ, ನೇರವಾಗಿ ಹಿಂದಕ್ಕೆ ಹೋದಳು. ಅಲ್ಲಿ ಮಾಸಿದ ಸುಣ್ಣದ ಗೆರೆಯ ಮೇಲೆ ಹುಲ್ಲು ಬೆಳೆದಿತ್ತು. "ಅಡಗಿ ಮನಿ ಛಲೋ ಆಗೇತಿ," ಎಂದಷ್ಟೇ ಹೇಳಿ ಬಡಿಸಲು ಬಂದಳು.

ಎರಡು ತಿಂಗಳ ಮೇಲೆ ಒಂದು ಶುಕ್ರವಾರ ಮಧ್ಯಾಹ್ನ ಅವಳು ಓಡಿಬಂದಳು. ಭಾವ ಉರಿವ ಕೊಳ್ಳಿಯಿಂದ ಹೊಡೆದಿದ್ದ. ರಟ್ಟೆಯ ಚರ್ಮ ರವಿಕೆಗೆ ಅಂಟಿಕೊಂಡಿತ್ತು. ಬಟ್ಟೆ ಬಿಡಿಸಿ ಎಣ್ಣೆ ಹಚ್ಚಿದೆ. ಹೋಗಬೇಡ, ಇಲ್ಲೇ ಇರು ಎಂದು ಕಾಲು ಹಿಡಿದೆ. ಅವಳು ಒಂದು ಖೋಲಿ ನೋಡಿದಳು, ಇನ್ನೊಂದನ್ನು ನೋಡಿದಳು.

"ನಾಳಿ ನಿನ್ನ ಗಂಡ ಬರ್ತಾನ. ನಾ ಎಲ್ಲಿ ಮಲಗ್ಲಿ, ತಂಗಿ?"

ಅಡುಗೆಮನೆಯಲ್ಲಿ ಮಲಗು ಎನ್ನಬಹುದಿತ್ತು. ಊರು ಏನಾದರೂ ಬೊಗಳಲಿ ಎನ್ನಬಹುದಿತ್ತು. ಎಲ್ಲರ ಮುಂದೆ ಬಾಯಿ ಮಾಡುವ ನಾನು ಎದ್ದು ಚಹಕ್ಕೆ ನೀರಿಟ್ಟೆ. ಅವಳು ಚಹ ಕುಡಿದು, ಬಟ್ಟಲು ತೊಳೆದಿಟ್ಟು, ಹೊರಟುಹೋದಳು.

ಸೋಮವಾರ ಹಳೆಯ ಮನೆಯಿಂದ ಕರೆ ಬಂತು. ಅಕ್ಕನನ್ನು ಅಂಗಳದಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ಕಾಲು ಜಾರಿ ಬಾವಿಗೆ ಬಿದ್ದಳು ಎಂದು ಪೊಲೀಸರಿಗೆ ಬರೆಸಿದ್ದರು. ಕುತ್ತಿಗೆಯ ಮೇಲೆ ಬೆರಳಿನ ಕಲೆ ಅಲ್ಲಿದ್ದವರೆಲ್ಲರಿಗೂ ಕಾಣುತ್ತಿತ್ತು. ಭಾವ ಎದೆ ಬಡಿದುಕೊಂಡು ಅಳುತ್ತಿದ್ದ. ನಾನು ಕಾಲಿನ ಚಪ್ಪಲಿ ತೆಗೆದು ಅವನ ಮುಖಕ್ಕೆ, ತಲೆಗೆ, ಬಾಯಿಗೆ ಸಿಕ್ಕಸಿಕ್ಕಂತೆ ಬಾರಿಸಿದೆ. ಯಾರೂ ಬಿಡಿಸಲು ಬರಲಿಲ್ಲ, ಅವನೂ ಕೈ ಎತ್ತಲಿಲ್ಲ. ರಟ್ಟೆ ಸೋತು ಕೈ ತಾನಾಗಿ ಇಳಿಯುವವರೆಗೆ ಹೊಡೆದೆ. ಅವನನ್ನು ಹೊಡೆಯುವಾಗೆಲ್ಲ ನನಗೆ ಕೇಳಿಸುತ್ತಿದ್ದದ್ದು, ಆ ಖೋಲಿ ಬೇಡವೆಂದು ನಾನು ಹೇಳಿದ ಹೂಂ.